ದಪ್ಪ ಲೋಟವೇ ಮೊದಲು ಸೀಳುವುದೇಕೆ?

ಚಹಾಕ್ಕೆಂದು ಗಾಜಿನ ಲೋಟ ಕೊಳ್ಳುವಾಗ ನಮ್ಮ ಕೈ ತಾನಾಗಿ ದಪ್ಪನೆಯದರ ಕಡೆಗೆ ಹೋಗುತ್ತದೆ. ಮೇಜಿಗೆ ತಗುಲಿದರೂ ತಡೆಯುತ್ತದೆ ಎಂಬ ನಂಬಿಕೆ ಸರಿಯೇ. ಆದರೆ ಕುದಿಯುವ ಚಹಾದ ಮುಂದೆ ಈ ಲೆಕ್ಕ ತಲೆಕೆಳಗಾಗುತ್ತದೆ. ತೆಳು ಲೋಟ ತಾಳಿಕೊಳ್ಳುವ ಬಿಸಿಗೆ ದಪ್ಪ ಲೋಟ ಟಣ್ಣನೆ ಸೀಳಿಬಿಡಬಹುದು.

ಗಾಜಿನಲ್ಲಿ ಶಾಖ ಬಲು ನಿಧಾನವಾಗಿ ಹರಿಯುತ್ತದೆ. ಅದರ ಉಷ್ಣವಾಹಕತೆ ಸ್ಟೇನ್‌ಲೆಸ್ ಸ್ಟೀಲಿನದರಲ್ಲಿ ಹೆಚ್ಚುಕಡಿಮೆ ಹದಿನೈದರಲ್ಲೊಂದು ಪಾಲು. ಚಹಾ ಸುರಿದ ಕ್ಷಣ ಒಳಮೈ ಕಾದು ಹಿಗ್ಗತೊಡಗುತ್ತದೆ, ಹೊರಮೈ ಇನ್ನೂ ತಣ್ಣಗೇ ಇರುತ್ತದೆ. ಹಿಗ್ಗುವ ಒಳಪದರ ಹೊರಪದರವನ್ನು ಎಳೆಯುತ್ತದೆ. ಗಾಜು ಅದುಮಿದರೆ ಚೆನ್ನಾಗಿ ತಾಳುತ್ತದೆ, ಎಳೆದರೆ ತಾಳುವುದಿಲ್ಲ. ಉಜ್ಜಿ ತೊಳೆದು ಹೊರಮೈಯಲ್ಲಿ ಕಣ್ಣಿಗೆ ಕಾಣದ ಗೀರುಗಳು ಬಿದ್ದಿರುತ್ತವೆ. ಬಿರುಕು ಹುಟ್ಟುವುದು ಅಲ್ಲಿಂದಲೇ. ಗೋಡೆ ತೆಳುವಾಗಿದ್ದರೆ ಎರಡೂ ಬದಿ ಬೇಗ ಒಂದೇ ಬಿಸಿಗೆ ಬರುತ್ತವೆ. ದಪ್ಪ ತಳ ಮತ್ತು ತೆಳು ಗೋಡೆ ಕೂಡುವ ಜಾಗ ಎಲ್ಲಕ್ಕಿಂತ ದುರ್ಬಲ. ಎಷ್ಟೋ ಸಲ ತಳವೇ ಬಳೆಯ ಹಾಗೆ ದುಂಡಗೆ ಕಳಚಿ ಬರುವುದು ಇದರಿಂದ.

ಇದಕ್ಕಿಂತ ಅಪಾಯದ್ದು ತಿರುವುಮುರುವಾದ ಕೆಲಸ: ಬಿಸಿ ಲೋಟವನ್ನು ತಣ್ಣೀರಿಗೆ ಅದ್ದುವುದು. ಆಗ ಮೇಲ್ಮೈಯೇ ಥಟ್ಟನೆ ಕುಗ್ಗಿ ಎಳೆತಕ್ಕೆ ಸಿಗುತ್ತದೆ. ಚಹಾ ಕುಡಿದ ಲೋಟವನ್ನು ಸ್ವಲ್ಪ ಆರಲು ಬಿಟ್ಟು ತೊಳೆಯಿರಿ. ಸುರಿಯುವ ಮುನ್ನ ಬೆಚ್ಚನೆಯ ನೀರು ಹಾಕಿ ಆಡಿಸಿದರೆ ಇನ್ನೂ ಒಳ್ಳೆಯದು.

ಗಾಜನ್ನೇ ಬದಲಿಸುವ ದಾರಿಯೂ ಇದೆ. ಸಾಮಾನ್ಯ ಲೋಟ ಮರಳು, ಸೋಡಾ, ಸುಣ್ಣದಿಂದ ಆದದ್ದು. ಜರ್ಮನಿಯ ಯೇನಾದಲ್ಲಿ ಒಟ್ಟೊ ಶಾಟ್ 19ನೆಯ ಶತಮಾನದ ಕೊನೆಗೆ ಬೋರಾನ್ ಬೆರೆಸಿ ಬೊರೊಸಿಲಿಕೇಟ್ ಗಾಜು ಮಾಡಿದ. ಬಿಸಿಗೆ ಅದು ಹಿಗ್ಗುವುದು ಸಾಮಾನ್ಯ ಗಾಜಿನ ಮೂರನೆಯ ಒಂದರಷ್ಟು. ಪ್ರಯೋಗಾಲಯದ ಬೀಕರ್ ಉರಿಯ ಮೇಲೆ ಕೂರುವುದು ಇದರ ಬಲದಿಂದ. ಇನ್ನೊಂದು ದಾರಿ ಹದ ಕೊಡುವುದು: ಲೋಟವನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ ಗಾಳಿ ಊದಿ ಒಮ್ಮೆಲೇ ತಣಿಸುತ್ತಾರೆ. ಹೊರಪದರ ಸದಾ ಅದುಮಿದ ಸ್ಥಿತಿಯಲ್ಲೇ ಉಳಿಯುವುದರಿಂದ ಎಳೆತ ಮೊದಲು ಆ ಅದುಮಿಕೆಯನ್ನು ಗೆಲ್ಲಬೇಕು. ಫ್ರಾನ್ಸಿನ ಡ್ಯುರಾಲೆಕ್ಸ್ ಲೋಟಗಳು ಹೆಸರು ಮಾಡಿದ್ದು ಹೀಗೆ. ಇಂಥದ್ದು ಒಡೆದರೆ ಉದ್ದನೆಯ ಚೂಪು ಚೂರುಗಳ ಬದಲು ಸಣ್ಣ ಹರಳುಗಳಾಗಿ ಉದುರುತ್ತದೆ.

ಇಷ್ಟೆಲ್ಲ ಪಾಡು ಪಟ್ಟು ಗಾಜೇ ಏಕೆ ಬೇಕು? ಬಣ್ಣಕ್ಕಾಗಿ. ಟರ್ಕಿಯ ಜನ ಸರಿಯಾಗಿ ಇಳಿದ ಚಹಾವನ್ನು ಮೊಲದ ರಕ್ತದ ಬಣ್ಣದ್ದು ಎಂದು ಹೊಗಳುತ್ತಾರೆ; ಆ ಕೆಂಪು ಕಾಣಲು ಪಾರದರ್ಶಕ ಲೋಟವೇ ಬೇಕು. ನಡು ಸಣ್ಣಗಿರುವ ಅವರ ಪುಟ್ಟ ಲೋಟಕ್ಕೆ ಹಿಡಿಯಿಲ್ಲ, ಹಾಗಾಗಿ ಚಹಾ ಮುಟ್ಟದ ಮೇಲಂಚನ್ನು ಎರಡು ಬೆರಳಲ್ಲಿ ಹಿಡಿಯುತ್ತಾರೆ. ನನಗೆ ಅತ್ಯಂತ ಚೆಲುವಾದ ಲೋಟವೆಂದರೆ ಇದೇ. ರಷ್ಯದ ರೈಲುಗಳಲ್ಲಿ ತೆಳು ಗಾಜಿನ ಲೋಟವನ್ನು ಹಿಡಿಯುಳ್ಳ ಲೋಹದ ಕವಚದಲ್ಲಿ ಕೂರಿಸಿ ಕೊಡುತ್ತಾರೆ: ಬೆರಳಿಗೆ ಬಿಸಿಯಿಲ್ಲ, ಗಾಡಿ ಅಲುಗಿದರೂ ಉರುಳುವ ಭಯ ಕಡಿಮೆ. ನಮ್ಮ ಚಹಾ ಅಂಗಡಿಗಳ, ಮೈಮೇಲೆ ಉಬ್ಬಿದ ಏಣುಗಳಿರುವ ಲೋಟದಲ್ಲಿ ಬೆರಳು ಆ ಏಣುಗಳನ್ನಷ್ಟೇ ಮುಟ್ಟುತ್ತದೆ. ಮುಟ್ಟುವ ಜಾಗ ಕಡಿಮೆಯಾದಷ್ಟು ಕೈಗೆ ದಾಟುವ ಶಾಖವೂ ಕಡಿಮೆ, ಹಿಡಿತವೂ ಜಾರದು.

ತಣ್ಣನೆಯ ಪಾನೀಯದ ಚಿಂತೆ ಬೇರೆ. ಸೋಡಾಕ್ಕೆ ಉದ್ದನೆಯ ಕಿರಿದಾದ ಲೋಟ ಕೊಡುವುದು, ಗಾಳಿಗೆ ತೆರೆದ ಮೇಲ್ಮೈ ಚಿಕ್ಕದಾದರೆ ಗ್ಯಾಸು ನಿಧಾನವಾಗಿ ಹೋಗುತ್ತದೆ ಎಂದು.

ಫಿಲ್ಟರ್ ಕಾಫಿಯ ಸ್ಟೀಲ್ ಲೋಟ ಬಿರಿಯುವುದಿಲ್ಲ, ಆದರೆ ಬಿಸಿಯನ್ನು ಬೆರಳಿಗೆ ತಕ್ಷಣ ದಾಟಿಸುತ್ತದೆ. ಅದರ ಅಂಚು ಹೊರಗೆ ಬಾಗಿರುವುದು ಹಿಡಿಯಲು ಅನುಕೂಲ. ಕಾಫಿಯನ್ನು ಕಂಠಮಟ್ಟ ತುಂಬದಿದ್ದರೆ ಆ ಅಂಚೇ ಎಲ್ಲಕ್ಕಿಂತ ತಂಪಾದ ಜಾಗ. ಜೊತೆಗಿರುವ ಬಟ್ಟಲಿಗೆ ಒಮ್ಮೆ ಸುರಿದು ಎತ್ತಿದರೆ ಗಾಳಿಗೆ ಹರಡಿಕೊಂಡ ಕಾಫಿ ಕುಡಿಯುವ ಹದಕ್ಕೆ ಆರುತ್ತದೆ, ಮೇಲೆ ನೊರೆಯೂ ಏಳುತ್ತದೆ.