ಮಕ್ಕಳ ಫುಟ್‌ಬಾಲಿನಲ್ಲಿ ಸೀಟಿ ಬೇಗ, ಕಾರ್ಡ್ ನಿಧಾನ

ಹನ್ನೆರಡು ವರ್ಷದ ಇಬ್ಬರು ಹುಡುಗರು ಚೆಂಡಿಗಾಗಿ ಭುಜಕ್ಕೆ ಭುಜ ಕೊಟ್ಟು ಓಡುತ್ತಿದ್ದಾರೆ ಅಂದುಕೊಳ್ಳಿ. ಒಬ್ಬನಿಗೆ ಆಗಲೇ ಮೀಸೆ ಚಿಗುರುತ್ತಿದೆ. ಇನ್ನೊಬ್ಬ ಅವನ ಎದೆಮಟ್ಟಕ್ಕಿದ್ದಾನೆ. ಭುಜ ತಾಗುತ್ತದೆ, ಚಿಕ್ಕವನು ಹಾರಿ ಬೀಳುತ್ತಾನೆ. ಇದು ಫೌಲಾ?

1886ರಲ್ಲಿ ಹುಟ್ಟಿದ ಐಎಫ್‌ಎಬಿ ಎಂಬ ಮಂಡಳಿಯ 17 ನಿಯಮಗಳೇ ವಿಶ್ವಕಪ್‌ಗೂ ಮಕ್ಕಳ ಪಂದ್ಯಕ್ಕೂ ಆಧಾರ. ಮೈದಾನದ ಅಳತೆ, ಚೆಂಡಿನ ಗಾತ್ರ, ಆಟದ ಅವಧಿಯನ್ನು ಮಕ್ಕಳಿಗೆ ತಕ್ಕಂತೆ ಬದಲಿಸಲು ಆಯಾ ದೇಶದ ಸಂಸ್ಥೆಗೆ ಅವಕಾಶವಿದೆ. ಆದರೆ ಫೌಲ್ ಅಳೆಯುವ ಮಾತು ಎರಡೂ ಕಡೆ ಒಂದೇ. ಅಜಾಗರೂಕತೆಯಿಂದ ತಾಗಿದರೆ ಬರೀ ಫ್ರೀ ಕಿಕ್. ಎದುರಾಳಿಗೆ ಏನಾದೀತು ಎಂಬ ಪರಿವೆಯಿಲ್ಲದೆ ನುಗ್ಗಿದರೆ ಹಳದಿ ಕಾರ್ಡ್. ಮಿತಿಮೀರಿ ಬಲ ಬಳಸಿದರೆ ಕೆಂಪು.

ಮಕ್ಕಳನ್ನು ಈ ಅಳತೆಗೆ ಹಿಡಿಯುವುದು ಕಷ್ಟ. ವೃತ್ತಿಪರ ಆಟಗಾರನಿಗೆ ತನ್ನ ಕಾಲು ಎಲ್ಲಿಗೆ ಹೋಗುತ್ತದೆ ಅಂತ ಚೆನ್ನಾಗಿ ಗೊತ್ತು. ಚೆಂಡು ಕಸಿಯಲು ತಡವಾಗಿ ಕಾಲು ಹಾಕಿದರೆ, ಅಂದರೆ ಟ್ಯಾಕಲ್ ತಡವಾದರೆ, ಅವನೇ ಹೊಣೆ. ಆದರೆ ಹರೆಯದಲ್ಲಿ ಎತ್ತರ ಒಮ್ಮೆಲೇ ಏರುತ್ತದೆ. ಬೆಳವಣಿಗೆ ಜೋರಾಗಿರುವ ವರ್ಷದಲ್ಲಿ ಹುಡುಗನೊಬ್ಬ 8ರಿಂದ 10 ಸೆಂಟಿಮೀಟರ್ ಬೆಳೆಯಬಹುದು. ಕಾಲು ಉದ್ದವಾಗಿರುತ್ತದೆ, ಅದರ ಮೇಲಿನ ಹಿಡಿತ ಇನ್ನೂ ಬಂದಿರುವುದಿಲ್ಲ. ಜೊತೆಗೆ ಒಂದೇ ವಯಸ್ಸಿನ ಮಕ್ಕಳ ದೇಹದ ಬೆಳವಣಿಗೆಯಲ್ಲಿ ಹಲವು ವರ್ಷಗಳಷ್ಟು ಅಂತರ ಇರಬಹುದು. ಹಾಗಾಗಿ ಒಂದೇ ತಂಡದಲ್ಲಿ ಮಗುವೂ ಇರುತ್ತದೆ, ಬಹುಪಾಲು ಗಂಡಸಾದವನೂ ಇರುತ್ತಾನೆ.

ಆ ಭುಜದ ಪ್ರಶ್ನೆಗೆ ನನ್ನ ಉತ್ತರ: ಚೆಂಡು ಕಾಲಳತೆಯಲ್ಲಿದ್ದು, ನುಗ್ಗಿದ್ದರಲ್ಲಿ ಅತಿರೇಕ ಇಲ್ಲದಿದ್ದರೆ ಫೌಲ್ ಅಲ್ಲ. ದೊಡ್ಡದಾಗಿ ಬೆಳೆದದ್ದು ಆ ಹುಡುಗನ ತಪ್ಪಲ್ಲ ಅಲ್ವಾ? ಆದರೆ ಬಿದ್ದವನಿಗೆ ಪೆಟ್ಟಾದಂತೆ ಕಂಡರೆ ಆಟ ನಿಲ್ಲಿಸಲೇಬೇಕು. ವೃತ್ತಿಪರ ಪಂದ್ಯದಲ್ಲಿ ಸಣ್ಣ ಪೆಟ್ಟಾದರೆ ಚೆಂಡು ಹೊರಹೋಗುವವರೆಗೆ ಆಟ ನಡೆಯುತ್ತದೆ. ಮಕ್ಕಳಲ್ಲಿ ಅಷ್ಟು ಕಾಯಬಾರದು, ತಲೆಗೆ ತಾಗಿದ್ದರಂತೂ ಒಂದು ಕ್ಷಣವೂ ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿ 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಹೆಡಿಂಗ್ ನಿಷೇಧಿಸುವ ತೀರ್ಮಾನ ಪ್ರಕಟಿಸಿತು. ಅಲ್ಲಿ ಮಗು ಬೇಕೆಂದೇ ತಲೆಯಿಂದ ಚೆಂಡು ಹೊಡೆದರೆ ರೆಫರಿ ಸೀಟಿ ಊದಿ ಎದುರಾಳಿಗೆ ಪರೋಕ್ಷ ಫ್ರೀ ಕಿಕ್ (ಅದರಿಂದ ನೇರವಾಗಿ ಗೋಲು ಹೊಡೆಯುವಂತಿಲ್ಲ) ಕೊಡುತ್ತಾರೆ.

ಅಡ್ವಾಂಟೇಜ್ ಕೂಡ ಹಾಗೆಯೇ. ಫೌಲ್ ಆದರೂ ದಾಳಿಗೆ ಲಾಭವಿದೆ ಅಂತ ಕಂಡರೆ ವೃತ್ತಿಪರ ರೆಫರಿ ಕೆಲ ಕ್ಷಣ ಆಟ ಬಿಟ್ಟು ನೋಡುತ್ತಾರೆ. ಚಿಕ್ಕ ಮಕ್ಕಳು ಫೌಲ್ ಆದ ಕೂಡಲೇ ನಿಂತು ರೆಫರಿಯ ಮುಖ ನೋಡುತ್ತಾರೆ. ಆ ಲಾಭ ಅವರಿಗೆ ದಕ್ಕುವುದೇ ಇಲ್ಲ. ಅಲ್ಲಿ ಸೀಟಿ ಊದಿ, ತಪ್ಪೇನು ಅಂತ ಎರಡು ಮಾತು ಹೇಳಿ ಮುಂದೆ ಹೋಗುವುದೇ ಸರಿ.

ಇನ್ನು ಕಣ್ಣಿನ ವಿಷಯ. ಚೆಂಡು ಪಾಸ್ ಆಗುವ ಕ್ಷಣದಲ್ಲಿ ದಾಳಿಗಾರ ಎದುರಾಳಿಯ ಕೊನೆಯ ರಕ್ಷಕನನ್ನು ದಾಟಿ ಗೋಲಿನ ಹತ್ತಿರ ನಿಂತಿದ್ದರೆ ಅದು ಆಫ್‌ಸೈಡ್. ಆ ತೀರ್ಪಿನಲ್ಲಾಗುವ ತಪ್ಪುಗಳ ಬಗ್ಗೆ 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಡಚ್ ಸಂಶೋಧಕರ ಅಧ್ಯಯನವೊಂದು ಬಂತು. ಸಹಾಯಕ ರೆಫರಿ ಕೊನೆಯ ರಕ್ಷಕನ ನೇರಕ್ಕೆ ನಿಲ್ಲದಿದ್ದರೆ ನೋಟದ ಕೋನವೇ ಮೋಸ ಮಾಡುತ್ತದೆ ಎಂದು ಅದು ತೋರಿಸಿತು. ವೃತ್ತಿಪರ ಪಂದ್ಯದಲ್ಲಿ ಆ ನೇರಕ್ಕೆ ಓಡಲು ಇಬ್ಬರು ಸಹಾಯಕರಿದ್ದಾರೆ. 2018ರ ವಿಶ್ವಕಪ್‌ನಲ್ಲಿ ವಿಎಆರ್, ಅಂದರೆ ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ ಕೂಡ ಬಂತು. ಎಷ್ಟೋ ಮಕ್ಕಳ ಪಂದ್ಯಗಳಲ್ಲಿ ರೆಫರಿ ಒಬ್ಬರೇ. ಮೈದಾನದ ನಡುವಿನಿಂದ ಆಫ್‌ಸೈಡ್ ಹೇಳುವಾಗ ಅವರ ತಪ್ಪಿಗೆ ಕಾರಣ ಸೋಮಾರಿತನವಲ್ಲ, ಕೋನ.

ಕಿವಿಯೂ ತೀರ್ಪು ಬದಲಿಸುತ್ತದೆ. 2002ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗವೊಂದರಲ್ಲಿ 40 ರೆಫರಿಗಳಿಗೆ 47 ಘಟನೆಗಳ ವಿಡಿಯೊ ತೋರಿಸಲಾಯಿತು. ಪ್ರೇಕ್ಷಕರ ಕೂಗು ಕೇಳಿಸಿಕೊಂಡವರು ಆತಿಥೇಯ ತಂಡದ ವಿರುದ್ಧ ಕಡಿಮೆ ಫೌಲ್ ಕೊಟ್ಟರು. ಅವರೆಲ್ಲ ತರಬೇತಿ ಪಡೆದವರು. ಮಕ್ಕಳ ಪಂದ್ಯದಲ್ಲಿ ಎಷ್ಟೋ ಸಲ ಸೀಟಿ ಹಿಡಿದವರೇ ಹದಿಹರೆಯದವರು. ಅಲ್ಲಿ ಕೂಗು ಕ್ರೀಡಾಂಗಣದ ಗದ್ದಲವಾಗಿ ಬರುವುದಿಲ್ಲ. ಗೆರೆಯ ಪಕ್ಕದಲ್ಲೇ ನಿಂತ ತಂದೆಯೋ ತಾಯಿಯೋ ಆಡಿದ ಒಂದೊಂದು ಮಾತೂ ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ. ಇಂಗ್ಲೆಂಡ್‌ನ ಫುಟ್‌ಬಾಲ್ ಸಂಸ್ಥೆ 2008ರಲ್ಲಿ ಶುರುಮಾಡಿದ ಅಭಿಯಾನದಲ್ಲಿ ಪ್ರೇಕ್ಷಕರನ್ನು ಗೆರೆಯಿಂದ ದೂರ, ತಡೆಯ ಹಿಂದೆ ನಿಲ್ಲಿಸುವ ಪದ್ಧತಿ ತಂದಿತು. ಇಷ್ಟು ಅಗ್ಗದ ಉಪಾಯ ಎಲ್ಲ ಮಕ್ಕಳ ಮೈದಾನಗಳಿಗೂ ಬರಬೇಕು.