ಅಡ್ಮಿನ್ ಹಕ್ಕಿಲ್ಲದ ಕಂಪ್ಯೂಟರಿನಲ್ಲಿ ಎಕ್ಸೆಲ್ ಪದೇಪದೇ ಮುಚ್ಚಿಕೊಂಡರೆ

ಕಚೇರಿಯ ಕಂಪ್ಯೂಟರಿನಲ್ಲಿ ಎಕ್ಸೆಲ್ ಕೆಲಸದ ನಡುವೆ ತಟ್ಟನೆ ಮುಚ್ಚಿಕೊಂಡರೆ ಹೆಚ್ಚಿನವರು ಯಂತ್ರವನ್ನು ರೀಸ್ಟಾರ್ಟ್ ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ‘ಎಕ್ಸೆಲ್ ಕ್ರ್ಯಾಶ್ ಆಗ್ತಿದೆ’ ಎಂದು ಐಟಿ ವಿಭಾಗಕ್ಕೆ ಒಂದು ಸಾಲಿನ ಟಿಕೆಟ್ (ದೂರು) ಹಾಕುತ್ತಾರೆ. ಆ ಒಂದು ಸಾಲಿನಿಂದ ಐಟಿಯವರಿಗೂ ಏನೂ ತಿಳಿಯುವುದಿಲ್ಲ. ಅವರು ರಿಪೇರಿ ಓಡಿಸಿ ಟಿಕೆಟ್ ಮುಚ್ಚುತ್ತಾರೆ, ಎರಡು ದಿನಕ್ಕೆ ಮತ್ತೆ ಅದೇ ಪಾಡು. ಅಡ್ಮಿನ್ ಹಕ್ಕಿಲ್ಲದವರಿಗೆ ಸರಿಪಡಿಸುವ ಅಧಿಕಾರ ಕಡಿಮೆ, ನಿಜ. ಆದರೆ ಏನಾಗಿದೆಯೆಂದು ನೋಡುವ ಅಧಿಕಾರವನ್ನು ವಿಂಡೋಸ್ ಸಾಮಾನ್ಯ ಬಳಕೆದಾರರಿಗೂ ಧಾರಾಳವಾಗಿಯೇ ಕೊಟ್ಟಿದೆ. ತಪ್ಪು ಫೈಲಿನದೋ, ನಿಮ್ಮ ಪ್ರೊಫೈಲಿನದೋ (ನಿಮ್ಮ ಲಾಗಿನ್‌ಗೆ ಸೇರಿದ ಸೆಟ್ಟಿಂಗುಗಳು), ಆಡ್-ಇನ್‌ನದೋ (ಎಕ್ಸೆಲ್‌ಗೆ ಜೋಡಿಸಿದ ಹೆಚ್ಚುವರಿ ತಂತ್ರಾಂಶ), ಯಂತ್ರದ್ದೋ ಎಂಬಷ್ಟನ್ನು ಯಾರ ಅನುಮತಿಯೂ ಇಲ್ಲದೆ ಬೇರ್ಪಡಿಸಿಕೊಳ್ಳಬಹುದು.

ಮೊದಲು ಯಂತ್ರ ತಾನೇ ಬರೆದಿಟ್ಟಿರುವುದನ್ನು ಓದಿ. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಟೈಪ್ ಮಾಡಿದರೆ ‘ವ್ಯೂ ರಿಲಯಬಿಲಿಟಿ ಹಿಸ್ಟರಿ’ ಸಿಗುತ್ತದೆ. ದಿನವಾರು ಪಟ್ಟಿಯಲ್ಲಿ ಯಾವ ಪ್ರೋಗ್ರಾಂ ಯಾವ ಹೊತ್ತಿಗೆ ಬಿದ್ದಿತೆಂದು ಕೆಂಪು ಗುರುತು ಹಾಕಿ ತೋರಿಸುತ್ತದೆ. ಕ್ರ್ಯಾಶ್ ಶುರುವಾದ ದಿನವೇ ಅಥವಾ ಅದರ ಹಿಂದಿನ ದಿನ ಯಾವುದಾದರೂ ಅಪ್‌ಡೇಟ್ ಬಂದಿದ್ದರೆ ಅದೂ ಅಲ್ಲೇ ಕಾಣುತ್ತದೆ. ಎಷ್ಟೋ ಪ್ರಕರಣಗಳು ಇಷ್ಟರಲ್ಲೇ ಅರ್ಧ ಬಗೆಹರಿಯುತ್ತವೆ.

ಇನ್ನೂ ಆಳಕ್ಕೆ ಹೋಗಬೇಕೆಂದರೆ ವಿಂಡೋಸ್ ಬರೆದಿಟ್ಟ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಅಡಿಯಲ್ಲಿ ಅಪ್ಲಿಕೇಶನ್ ಲಾಗ್ ನೋಡಿ. ಸೆಕ್ಯುರಿಟಿ ಲಾಗ್ ತೆರೆಯಲು ಅಡ್ಮಿನ್ ಬೇಕು, ಇದಕ್ಕೆ ಬೇಡ. ಕ್ರ್ಯಾಶ್ ಆದರೆ ಈವೆಂಟ್ ಸಂಖ್ಯೆ 1000, ಪ್ರತಿಕ್ರಿಯೆ ನಿಂತುಹೋಗಿ ಹ್ಯಾಂಗ್ ಆದರೆ 1002. ಈ ಎರಡನ್ನು ಒಂದೇ ಎಂದು ಭಾವಿಸಬೇಡಿ. ಹ್ಯಾಂಗ್ ಎಂದರೆ ಪ್ರೋಗ್ರಾಂ ಸಾಮಾನ್ಯವಾಗಿ ಯಾವುದಕ್ಕೋ ಕಾಯುತ್ತಿದೆ, ಎಷ್ಟೋ ಸಲ ನೆಟ್‌ವರ್ಕ್ ಡ್ರೈವಿಗೋ ಪ್ರಿಂಟರಿಗೋ. ಕ್ರ್ಯಾಶ್ ಎಂದರೆ ಮುಂದುವರಿಯಲಾಗದ ತಪ್ಪು ಎದುರಾಗಿ ಪ್ರೋಗ್ರಾಂ ಬಿದ್ದಿದೆ.

1000ರ ವಿವರದಲ್ಲಿ ಮೂರು ಸಾಲು ಮುಖ್ಯ: ‘ಫಾಲ್ಟಿಂಗ್ ಮಾಡ್ಯೂಲ್’ (ಬಿದ್ದಾಗ ಓಡುತ್ತಿದ್ದ ಪ್ರೋಗ್ರಾಂ ಫೈಲು), ‘ಎಕ್ಸೆಪ್ಶನ್ ಕೋಡ್’ (ತಪ್ಪಿನ ಬಗೆ), ‘ಫಾಲ್ಟ್ ಆಫ್‌ಸೆಟ್’ (ಆ ಫೈಲಿನೊಳಗೆ ಬಿದ್ದ ಜಾಗ). ಕೋಡ್ ಸಿ0000005 ಎಂದಿದ್ದರೆ ತನ್ನದಲ್ಲದ ಮೆಮೊರಿಯನ್ನು ಮುಟ್ಟಲು ಹೋಗಿ ಬಿದ್ದಿದೆ. ಸಿ0000374 ಆದರೆ ಮೆಮೊರಿಯ ಲೆಕ್ಕವೇ ಕೆಟ್ಟಿದೆ. ಇ0434352 ಎಂದರೆ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆಗೆ ಬರೆದ ಕೋಡಿನ ತಪ್ಪು. ಅದೇ ಕ್ಷಣದ 1026ನೇ ಈವೆಂಟಿನಲ್ಲಿ ಪೂರ್ತಿ ವಿವರ ಇರುತ್ತದೆ. ಮಾಡ್ಯೂಲ್ ಹೆಸರಿನಲ್ಲಿ ಆಡ್-ಇನ್ ಕಂಪನಿಯ ಫೈಲೋ ಪ್ರಿಂಟರ್ ಡ್ರೈವರೋ ಕಂಡರೆ ಗುಮಾನಿ ನೇರವಾಗಿ ಅದರ ಮೇಲೆ. ಆದರೆ ವಿಂಡೋಸಿನದೇ ಫೈಲುಗಳಾದ ಎನ್‌ಟಿಡಿಎಲ್‌ಎಲ್ ಅಥವಾ ಕರ್ನಲ್‌ಬೇಸ್ ಎಂದು ಕಂಡ ಕೂಡಲೇ ‘ವಿಂಡೋಸೇ ಹಾಳಾಗಿದೆ, ಫಾರ್ಮ್ಯಾಟ್ ಮಾಡಿ’ ಎನ್ನುವುದು ಅವಸರದ ತೀರ್ಮಾನ. ಬೇರೆ ಯಾರೋ ಕೆಡಿಸಿದ ಮೆಮೊರಿ ಕೊನೆಗೆ ಪತ್ತೆಯಾಗುವುದು ಅಲ್ಲಿ, ಅಷ್ಟೇ. ಪ್ರತಿ ಸಲವೂ ಮಾಡ್ಯೂಲ್, ಆಫ್‌ಸೆಟ್ ಎರಡೂ ಒಂದೇ ಆಗಿದ್ದರೆ ಒಂದೇ ದೋಷ ಮರುಕಳಿಸುತ್ತಿದೆ. ಸಲಸಲಕ್ಕೂ ಬದಲಾಗುತ್ತಾ, ಬೇರೆ ಬೇರೆ ಪ್ರೋಗ್ರಾಂಗಳೂ ಬೀಳುತ್ತಿದ್ದರೆ ರ‍್ಯಾಮ್ ಪರೀಕ್ಷಿಸಲು ಹೇಳಿ.

ಮುಂದಿನ ಹೆಜ್ಜೆ ಸೇಫ್ ಮೋಡ್. ಆಜ್ಞೆ ಟೈಪ್ ಮಾಡುವ ರನ್ ಕಿಟಕಿಯನ್ನೇ ಕಚೇರಿಯಲ್ಲಿ ಮುಚ್ಚಿಟ್ಟಿದ್ದರೂ ಇದಕ್ಕೆ ಅಡ್ಡಿಯಿಲ್ಲ. ಕಂಟ್ರೋಲ್ ಕೀ ಒತ್ತಿ ಹಿಡಿದು ಎಕ್ಸೆಲ್ ಐಕಾನ್ ತೆರೆಯಿರಿ, ಸೇಫ್ ಮೋಡ್ ಬೇಕೇ ಎಂದು ಕೇಳುವವರೆಗೆ ಕೀ ಬಿಡಬೇಡಿ. ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡದೆ, ಎಕ್ಸೆಲ್ ತೆರೆದ ಮೇಲೆ ಅದರೊಳಗಿನಿಂದ ಫೈಲ್ ತೆರೆಯಿರಿ. ಸೇಫ್ ಮೋಡಿನಲ್ಲಿ ಆಡ್-ಇನ್‌ಗಳೂ ಎಕ್ಸ್‌ಎಲ್‌ಸ್ಟಾರ್ಟ್ ಫೋಲ್ಡರಿನಲ್ಲಿರುವ ಪರ್ಸನಲ್ ಮ್ಯಾಕ್ರೋ ವರ್ಕ್‌ಬುಕ್ಕೂ ಲೋಡ್ ಆಗುವುದಿಲ್ಲ. ಇಲ್ಲಿ ತೊಂದರೆಯಿಲ್ಲದೆ ಓಡಿದರೆ ಎಕ್ಸೆಲ್ ನಿರಪರಾಧಿ, ಅದರ ಜೊತೆ ಬರುವ ಯಾವುದೋ ಒಂದು ಕಾರಣ.

ಆಗ ಫೈಲ್, ಆಪ್ಶನ್ಸ್, ಆಡ್-ಇನ್ಸ್‌ಗೆ ಹೋಗಿ, ಕೆಳಗಿನ ಮ್ಯಾನೇಜ್ ಪಟ್ಟಿಯಲ್ಲಿ ‘ಕಾಮ್ ಆಡ್-ಇನ್ಸ್’ ಆರಿಸಿ, ಒಂದೊಂದೇ ಟಿಕ್ ತೆಗೆದು, ಎಕ್ಸೆಲ್ ಮುಚ್ಚಿ ತೆರೆದು ನೋಡಿ. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಯಾವುದು ಕಾರಣವೆಂದು ತಿಳಿಯುವುದಿಲ್ಲ. ಕೆಲವು ಆಡ್-ಇನ್‌ಗಳ ಟಿಕ್ ತೆಗೆಯಲು ಹೋದರೆ, ಇದು ‘ಲೋಕಲ್ ಮಷೀನ್’ನಲ್ಲಿ ನೋಂದಾಯಿತವಾಗಿದೆ, ಬದಲಿಸಲಾಗದು ಎಂಬ ಸಂದೇಶ ಬರುತ್ತದೆ. ಅದನ್ನು ಐಟಿಯವರು ಎಲ್ಲ ಬಳಕೆದಾರರಿಗೂ ಸೇರಿಸಿ ಹಾಕಿದ್ದಾರೆಂದರ್ಥ. ಆ ಆಡ್-ಇನ್ ಹೆಸರನ್ನು ಬರೆದಿಟ್ಟುಕೊಳ್ಳಿ, ಟಿಕೆಟ್ಟಿಗೆ ಬೇಕಾಗುತ್ತದೆ.

ಯಾರೂ ಗುಮಾನಿ ಪಡದ ಇನ್ನೊಂದು ಕಾರಣ ಪ್ರಿಂಟರ್. ಪುಟದ ಅಳತೆ ತಿಳಿಯಲು ಎಕ್ಸೆಲ್ ಮತ್ತು ವರ್ಡ್ ಎರಡೂ ಡೀಫಾಲ್ಟ್ ಪ್ರಿಂಟರಿನ ಡ್ರೈವರನ್ನು ಕೇಳುತ್ತವೆ. ಮೇಲಿನ ಮಹಡಿಯ ನೆಟ್‌ವರ್ಕ್ ಪ್ರಿಂಟರ್ ಆಫ್ ಆಗಿದ್ದರೆ ನೀವು ಏನೂ ಪ್ರಿಂಟ್ ಮಾಡದಿದ್ದರೂ ಫೈಲ್ ತೆರೆಯುವಾಗಲೇ ಎಕ್ಸೆಲ್ ಸಿಕ್ಕಿಹಾಕಿಕೊಳ್ಳಬಹುದು. ಸೆಟ್ಟಿಂಗ್ಸ್‌ನ ಪ್ರಿಂಟರ್ ಪುಟದಲ್ಲಿ ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್’ ಆಫ್ ಮಾಡಿ, ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಅನ್ನು ಡೀಫಾಲ್ಟ್ ಮಾಡಿ ಒಂದು ದಿನ ಕೆಲಸ ಮಾಡಿ ನೋಡಿ. ಮೊದಲಿನ ಸ್ವಿಚ್ ಆಫ್ ಮಾಡದಿದ್ದರೆ ಕೊನೆಯ ಸಲ ಬಳಸಿದ ಪ್ರಿಂಟರೇ ಮತ್ತೆ ಡೀಫಾಲ್ಟ್ ಆಗಿಬಿಡುತ್ತದೆ.

ನುಡಿ, ಬರಹದಂಥ ಕನ್ನಡ ಟೈಪಿಂಗ್ ತಂತ್ರಾಂಶ ಟ್ರೇಯಲ್ಲಿ ಓಡುತ್ತಿದ್ದರೆ ಅದನ್ನೂ ಒಮ್ಮೆ ಮುಚ್ಚಿ ನೋಡಿ. ಪ್ರತಿ ಕೀಲಿಯನ್ನೂ ನಡುವೆ ಹಿಡಿದು ಬದಲಿಸುವ ತಂತ್ರಾಂಶವಾದ್ದರಿಂದ ಲೆಕ್ಕದಿಂದ ಬಿಡುವಂತಿಲ್ಲ. ಕಾರಣವಲ್ಲವೆಂದು ಖಾತ್ರಿಯಾದರೆ ಒಂದು ಹೆಸರು ಪಟ್ಟಿಯಿಂದ ಹೋಯಿತು.

ಈಗ ಅದಲುಬದಲು ಪರೀಕ್ಷೆ. ಅದೇ ಫೈಲನ್ನು ಪಕ್ಕದವರ ಕಂಪ್ಯೂಟರಿನಲ್ಲಿ ನಿಮ್ಮ ಲಾಗಿನ್‌ನಿಂದ ತೆರೆಯಿರಿ. ಬಳಿಕ ಅವರು ನಿಮ್ಮ ಕಂಪ್ಯೂಟರಿನಲ್ಲಿ ತಮ್ಮ ಲಾಗಿನ್‌ನಿಂದ ತೆರೆಯಲಿ. ಪಾಸ್‌ವರ್ಡ್ ಹಂಚಿಕೊಳ್ಳುವುದು ಬೇಡ, ಅವರವರೇ ಟೈಪ್ ಮಾಡಲಿ. ಎರಡು ಕಡೆಯೂ ಬಿದ್ದರೆ ಮೊದಲ ಗುಮಾನಿ ಫೈಲಿನ ಮೇಲೆ. ನಿಮ್ಮ ಯಂತ್ರದಲ್ಲಿ ಅವರಿಗೂ ಬಿದ್ದು, ಅವರ ಯಂತ್ರದಲ್ಲಿ ನಿಮಗೆ ಬೀಳದಿದ್ದರೆ ಯಂತ್ರವನ್ನು ನೋಡಬೇಕು. ನಿಮ್ಮ ಯಂತ್ರದಲ್ಲೇ ಅವರಿಗೆ ಸರಿಯಾಗಿ ಓಡಿದರೆ ನಿಮ್ಮ ಪ್ರೊಫೈಲನ್ನು. ಸರ್ವರಿನಿಂದ ಎಲ್ಲ ಯಂತ್ರಕ್ಕೂ ಬರುವ ರೋಮಿಂಗ್ ಪ್ರೊಫೈಲ್ ಇರುವ ಕಚೇರಿಯಲ್ಲಿ ಕೆಟ್ಟ ಸೆಟ್ಟಿಂಗು ನಿಮ್ಮ ಹಿಂದೆಯೇ ಬೇರೆ ಯಂತ್ರಕ್ಕೂ ಬರುತ್ತದೆ, ಆದ್ದರಿಂದ ಎರಡನೇ ಪರೀಕ್ಷೆಯನ್ನು ಬಿಡಬೇಡಿ.

ನೆಟ್‌ವರ್ಕ್ ಡ್ರೈವಿನ ಫೈಲಾದರೆ ಒಂದು ಪ್ರತಿಯನ್ನು ಡೆಸ್ಕ್‌ಟಾಪಿಗೆ ತಂದು ನೋಡಿ. ಆದರೆ ಬಹಳಷ್ಟು ಕಚೇರಿಗಳಲ್ಲಿ ಡೆಸ್ಕ್‌ಟಾಪೇ ಸರ್ವರಿಗೋ ಒನ್‌ಡ್ರೈವಿಗೋ ತಿರುಗಿಸಿಟ್ಟಿರುತ್ತದೆ. ಆ ಪ್ರತಿಯ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ನೋಡಿ, ಅದು ಸಿ ಡ್ರೈವಿನಲ್ಲಿದೆ, ಆದರೆ ಒನ್‌ಡ್ರೈವ್ ಫೋಲ್ಡರಿನೊಳಗಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಫೈಲೇ ಕಾರಣವಾದರೆ ಕಂಟ್ರೋಲ್ ಮತ್ತು ಎಂಡ್ ಒಟ್ಟಿಗೆ ಒತ್ತಿ. ಇನ್ನೂರು ಸಾಲಿನ ಪಟ್ಟಿಯಲ್ಲಿ ಕರ್ಸರ್ 10,48,576ನೇ ಸಾಲಿಗೆ ಹಾರಿದರೆ, ಎಂದೋ ಕೆಳಗಿನ ಖಾಲಿ ಸೆಲ್‌ಗಳಿಗೆ ಹಾಕಿದ ಫಾರ್ಮ್ಯಾಟಿಂಗನ್ನು ಆ ಶೀಟ್ ಇನ್ನೂ ಹೊತ್ತುಕೊಂಡಿರಬಹುದು. ಬೇಕಾದ ಭಾಗವನ್ನಷ್ಟೇ ಹೊಸ ಫೈಲಿಗೆ ನಕಲು ಮಾಡಿ. ತೆರೆಯುವುದೇ ಇಲ್ಲವೆಂದರೆ ಓಪನ್ ಬಟನ್ನಿನ ಪಕ್ಕದ ಬಾಣದಲ್ಲಿ ‘ಓಪನ್ ಅಂಡ್ ರಿಪೇರ್’ ಇದೆ.

ಮೆಮೊರಿಯ ವಿಷಯದಲ್ಲಿ ಒಂದು ತಪ್ಪು ಎಲ್ಲ ಕಡೆ ಕಾಣುತ್ತದೆ: ರ‍್ಯಾಮ್ 16 ಜಿಬಿ ಇದೆ, ಆದರೂ ‘ಮೆಮೊರಿ ಸಾಲದು’ ಎನ್ನುತ್ತದೆ ಎಂಬ ದೂರು. ಟಾಸ್ಕ್ ಮ್ಯಾನೇಜರಿನಲ್ಲಿ ಎಕ್ಸೆಲ್ ಹೆಸರಿನ ಮುಂದೆ ‘32 ಬಿಟ್’ ಎಂದಿದೆಯೇ ನೋಡಿ. ಇದ್ದರೆ, 64 ಬಿಟ್ ವಿಂಡೋಸಿನಲ್ಲೂ ಅದಕ್ಕೆ ಸಿಗುವ ವಿಳಾಸ ಜಾಗ ಹೆಚ್ಚೆಂದರೆ 4 ಜಿಬಿ, ಹಳೆಯ ಆವೃತ್ತಿಗಳಲ್ಲಿ 2 ಜಿಬಿ. ತೆರೆದ ವರ್ಕ್‌ಬುಕ್‌ಗಳೂ ಆಡ್-ಇನ್‌ಗಳೂ ಅದರೊಳಗೇ ಹಂಚಿಕೊಳ್ಳಬೇಕು. ಇಲ್ಲಿ ಹೆಚ್ಚು ರ‍್ಯಾಮ್ ಕೇಳಿ ಪ್ರಯೋಜನವಿಲ್ಲ, 64 ಬಿಟ್ ಆಫೀಸ್ ಕೇಳಬೇಕು.

ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನದ ಮೇಲೆ ಮಾತ್ರ ಬೀಳುವ ಪ್ರೋಗ್ರಾಂ ಇದ್ದರೆ, ವಿಶೇಷವಾಗಿ ಕಚೇರಿಗೆಂದೇ ಬರೆಸಿದ ಹಳೆಯ ತಂತ್ರಾಂಶವಾದರೆ, ಇನ್ನೊಂದು ಅಂಕಿಯನ್ನು ನೋಡಲೇಬೇಕು. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಕಾಲಂ ಶೀರ್ಷಿಕೆಯ ಮೇಲೆ ರೈಟ್ ಕ್ಲಿಕ್ ಮಾಡಿ, ‘ಸೆಲೆಕ್ಟ್ ಕಾಲಮ್ಸ್’ನಲ್ಲಿ ‘ಜಿಡಿಐ ಆಬ್ಜೆಕ್ಟ್ಸ್’ ಟಿಕ್ ಮಾಡಿ. ಪರದೆಯ ಮೇಲೆ ಚಿತ್ರ, ಅಕ್ಷರ, ಗೆರೆ ಬಿಡಿಸಲು ಪ್ರೋಗ್ರಾಂ ಪಡೆದುಕೊಳ್ಳುವ ಸಾಮಗ್ರಿ ಇದು. ಒಂದು ಪ್ರೋಗ್ರಾಂಗೆ ಸಾಮಾನ್ಯ ಮಿತಿ 10,000. ಒಂದು ಫಾರ್ಮ್ ತೆರೆದು ಮುಚ್ಚಿ, ಅಂಕಿ ನೋಡಿ, ಮತ್ತೆ ತೆರೆದು ಮುಚ್ಚಿ. ಏರಿದ ಅಂಕಿ ಇಳಿಯದೆ ಪ್ರತಿ ಸಲವೂ ಮೇಲೆ ಹೋಗುತ್ತಿದ್ದರೆ ಆ ಫಾರ್ಮ್ ಪಡೆದದ್ದನ್ನು ಹಿಂದಿರುಗಿಸುತ್ತಿಲ್ಲ. ಮಿತಿ ಹತ್ತಿರವಾದಂತೆ ಬಟನ್‌ಗಳು ಬಿಳಿಚಿಕೊಳ್ಳುತ್ತವೆ, ಮೆನು ಖಾಲಿಯಾಗುತ್ತದೆ, ಕೊನೆಗೆ ಇಡೀ ಪ್ರೋಗ್ರಾಂ ಬೀಳುತ್ತದೆ. ಊಟದ ಹೊತ್ತಿಗೊಮ್ಮೆ ಮುಚ್ಚಿ ತೆರೆಯುವುದು ತಾತ್ಕಾಲಿಕ ಉಪಾಯ. ಸರಿಪಡಿಸಬೇಕಾದವರು ಅದನ್ನು ಬರೆದವರೇ.

ಐಕಾನ್ ಒತ್ತಿದ ಕೂಡಲೇ ಮಿಂಚಿ ಮಾಯವಾಗಿ, 1000 ಈವೆಂಟೂ ಇಲ್ಲದಿದ್ದರೆ ಕಚೇರಿಯ ಭದ್ರತಾ ನೀತಿ ತಡೆದಿರುವ ಸಾಧ್ಯತೆ ಇದೆ. ಅನುಮತಿಯಿಲ್ಲದ ಪ್ರೋಗ್ರಾಂಗಳನ್ನು ತಡೆಯುವ ವಿಂಡೋಸಿನ ಆಪ್‌ಲಾಕರ್ ಇರುವಲ್ಲಿ ತಡೆದದ್ದರ ಈವೆಂಟ್ ಸಂಖ್ಯೆ 8004. ಅದನ್ನು ನೋಡಲು ಐಟಿಗೇ ಹೇಳಿ. ಪೋರ್ಟಬಲ್ ಆವೃತ್ತಿಯನ್ನು ಪೆನ್‌ಡ್ರೈವಿನಲ್ಲಿ ತಂದು ಓಡಿಸುವುದು, ಬೇರೆಯವರ ಅಡ್ಮಿನ್ ಪಾಸ್‌ವರ್ಡ್ ಬಳಸುವುದು ಖಂಡಿತ ಬೇಡ. ನಿಯಮ ಮುರಿದ ಯಂತ್ರದ ಮೇಲೆ ಐಟಿಯವರು ನಿಮ್ಮ ಯಾವ ಸಾಕ್ಷ್ಯವನ್ನೂ ನಂಬುವುದಿಲ್ಲ. ವಿಂಡೋಸೇ ಬಿದ್ದಾಗ ಕಾಣುವ ನೀಲಿ ಪರದೆ ಬಂದರಂತೂ ಅದು ನಿಮ್ಮ ಕೈಮೀರಿದ್ದು. 2024ರ ಜುಲೈ 19ರಂದು ಭದ್ರತಾ ತಂತ್ರಾಂಶ ಕಂಪನಿ ಕ್ರೌಡ್‌ಸ್ಟ್ರೈಕ್‌ನ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದಾಗ, ಅಳಿಸಬೇಕಾಗಿದ್ದುದು ಒಂದೇ ನಮೂನೆಯ ಹೆಸರಿನ ಫೈಲು ಮಾತ್ರ. ಅದಕ್ಕೂ ಎಷ್ಟೋ ಕಡೆ, ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್‌ನ ರಿಕವರಿ ಕೀ ಬೇಕಾಯಿತು.

ಇಷ್ಟಾದ ಮೇಲೆ ಟಿಕೆಟ್ ಹೀಗಿರಲಿ: ‘ಎಕ್ಸೆಲ್ 32 ಬಿಟ್, ಆವೃತ್ತಿ ಮತ್ತು ಬಿಲ್ಡ್ ಸಂಖ್ಯೆ ಇಂಥದ್ದು. ಸೋಮವಾರದಿಂದ ಫೈಲ್ ಸೇವ್ ಮಾಡುವಾಗ ಬೀಳುತ್ತಿದೆ. ಈವೆಂಟ್ 1000, ಮಾಡ್ಯೂಲ್ ಇದು, ಮೂರು ಸಲವೂ ಆಫ್‌ಸೆಟ್ ಒಂದೇ. ಸೇಫ್ ಮೋಡಿನಲ್ಲಿ ಬೀಳುವುದಿಲ್ಲ. ಈ ಆಡ್-ಇನ್ ತೆಗೆಯಲು ನನಗೆ ಹಕ್ಕಿಲ್ಲ, ತೆಗೆದು ನೋಡಬಹುದೇ?’ ಬಿಲ್ಡ್ ಸಂಖ್ಯೆ ಫೈಲ್ ಮೆನುವಿನ ಅಕೌಂಟ್ ಪುಟದ ‘ಅಬೌಟ್ ಎಕ್ಸೆಲ್’ನಲ್ಲಿದೆ. ಈವೆಂಟಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಾಪಿ ಡೀಟೇಲ್ಸ್ ಆಸ್ ಟೆಕ್ಸ್ಟ್’ ಒತ್ತಿದರೆ ಪೂರ್ತಿ ವಿವರ ಅಂಟಿಸಬಹುದು. ಲಾಗ್‌ಆಫ್ ಆದೊಡನೆ ಎಲ್ಲ ಅಳಿದುಹೋಗುವ ವರ್ಚುವಲ್ ಡೆಸ್ಕ್‌ಟಾಪಿನಲ್ಲಿ ಕೆಲಸ ಮಾಡುವವರು ಇದನ್ನು ಹೊರಬರುವ ಮುನ್ನವೇ ಮಾಡಬೇಕು.

ಹ್ಯಾಂಗ್ ಆದ ಪ್ರೋಗ್ರಾಂ ಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ ರೈಟ್ ಕ್ಲಿಕ್ ಮಾಡಿ ಡಂಪ್ ಫೈಲನ್ನೂ (ಪ್ರೋಗ್ರಾಂನ ಮೆಮೊರಿಯ ನಕಲು) ತೆಗೆಯಬಹುದು. ಆದರೆ ಆ ಹೊತ್ತಿಗೆ ಮೆಮೊರಿಯಲ್ಲಿದ್ದ ಸಂಬಳದ ಪಟ್ಟಿ, ಗ್ರಾಹಕರ ವಿವರ ಎಲ್ಲವೂ ಅದರೊಳಗೆ ಇರುತ್ತವೆ. ಐಟಿಯವರು ಹೇಳಿದ ಜಾಗದಲ್ಲಿ ಮಾತ್ರ ಇಡಿ, ತಂತ್ರಾಂಶದ ಕಂಪನಿಗೆ ನೀವೇ ಇಮೇಲ್ ಮಾಡಬೇಡಿ.