1983: ತಾಳ ಕೈ ಬದಲಿಸಿದ ವರ್ಷ

1983ರ ಪಾಪ್ ಸಂಗೀತದ ಮಾತೆತ್ತಿದರೆ ಎಲ್ಲರ ಕಣ್ಣೂ ಮೈಕಲ್ ಜಾಕ್ಸನ್ ಅವರ ಪಾದಗಳ ಮೇಲೆ ಬೀಳುತ್ತದೆ. ಆ ವರ್ಷ ಮಾರ್ಚ್ 25ರಂದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಮೋಟೌನ್ ಎಂಬ ಧ್ವನಿಮುದ್ರಿಕೆ ಕಂಪನಿಯ ಬೆಳ್ಳಿಹಬ್ಬದ ಕಾರ್ಯಕ್ರಮ ನಡೆಯಿತು. ಮೇ 16ರಂದು ಅಮೆರಿಕದ ಟಿ.ವಿ.ಯಲ್ಲಿ ಪ್ರಸಾರವಾಯಿತು. ಅಲ್ಲಿ 'ಬಿಲ್ಲಿ ಜೀನ್' ಹಾಡಿಗೆ ಜಾಕ್ಸನ್ ಮುಂದಕ್ಕೆ ನಡೆಯುವವರಂತೆ ಕಂಡು ಹಿಂದಕ್ಕೆ ಜಾರಿದ ಆ ನಾಲ್ಕಾರು ಹೆಜ್ಜೆ ನಮ್ಮ ಶಾಲಾ ವಾರ್ಷಿಕೋತ್ಸವಗಳಲ್ಲಿ ಇವತ್ತಿಗೂ ಉಳಿದುಕೊಂಡಿದೆ.

ಬೆಂಗಳೂರಿನ ಸ್ಟುಡಿಯೊಗಳಲ್ಲಿ ಮೂವತ್ತು ವರ್ಷ ಧ್ವನಿಮುದ್ರಣ ಮಾಡಿಕೊಂಡು ಬಂದ ನನ್ನ ಗಮನ ಮಾತ್ರ ಪಾದದ ಮೇಲೆ ನಿಲ್ಲುವುದಿಲ್ಲ. ಆ ವೇದಿಕೆಯಲ್ಲಿ ಯಾರೂ ಡ್ರಮ್ ನುಡಿಸುತ್ತಿಲ್ಲ. ಹಾಡು ಟೇಪಿನಿಂದ ಬರುತ್ತಿದೆ, ಜಾಕ್ಸನ್ ತುಟಿಯಾಡಿಸುತ್ತಿದ್ದಾರೆ. ಆ ಟೇಪಿನೊಳಗೆ ಒಂದು ಯಂತ್ರದ ತಾಳವಿದೆ, ಅದರ ಮೇಲೆ ಒಬ್ಬ ಮನುಷ್ಯನ ತಾಳವಿದೆ. ಆ ವರ್ಷದ ಏಳು ಬೀಳುಗಳೆಲ್ಲ ನನಗೆ ಅಲ್ಲೇ ಕೇಳಿಸುತ್ತವೆ: ತಾಳ ಯಾರ ಕೈಯಲ್ಲಿರಬೇಕು ಎಂಬ ಜಗಳದಲ್ಲಿ.

'ಬಿಲ್ಲಿ ಜೀನ್' ಹಾಡಿನಿಂದಲೇ ಶುರು ಮಾಡುತ್ತೇನೆ. ಹಾಡು ಮುದ್ರಣವಾದದ್ದು 1982ರಲ್ಲಿ, ಲಾಸ್ ಏಂಜಲೀಸ್‌ನ ವೆಸ್ಟ್‌ಲೇಕ್ ಸ್ಟುಡಿಯೊದಲ್ಲಿ. 'ಥ್ರಿಲ್ಲರ್' ಆಲ್ಬಂ ಆ ನವೆಂಬರ್ ಕೊನೆಗೆ ಹೊರಬಂದರೂ ಅಮೆರಿಕದ ಪಟ್ಟಿಯಲ್ಲಿ ಈ ಹಾಡು ಮೊದಲ ಸ್ಥಾನಕ್ಕೇರಿದ್ದು 1983ರ ಮಾರ್ಚ್‌ನಲ್ಲಿ. ಏಳು ವಾರ ಅಲ್ಲಿಂದ ಕದಲಲಿಲ್ಲ. ಅದರಲ್ಲಿ ಮೊದಲು ಇದ್ದದ್ದು ಬರೀ ಡ್ರಮ್ ಮಷಿನ್. ಆಮೇಲೆ ಲಿಯಾನ್ 'ಎಂಡೂಗು' ಚಾನ್ಸ್ಲರ್ ಎಂಬ ಡ್ರಮ್ಮರನ್ನು ಕರೆಸಿ ಅದರ ಮೇಲೆ ನುಡಿಸಿದರು. ಹಾಡಿನ ಕೆಲವು ಕಡೆ ಕೇಳುವುದು ಅವರೊಬ್ಬರೇ, ಕೆಲವು ಕಡೆ ಎರಡೂ ಬೆರೆತದ್ದು.

ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಆ ಡ್ರಮ್ ಸೆಟ್ಟಿಗೆ ಮಾಡಿದ ಉಪಚಾರ ನಮ್ಮ ವೃತ್ತಿಯವರು ಬಾಯಿಪಾಠ ಮಾಡಿಕೊಂಡ ಕಥೆ. ಸೆಟ್ಟನ್ನು ಮರದ ಅಟ್ಟಣೆಯ ಮೇಲೆ ಇರಿಸಿದರು. ದೊಡ್ಡ ಡ್ರಮ್ಮಿಗೆ ದಪ್ಪ ಹೊದಿಕೆ ಹೊಲಿಸಿ, ಮೈಕ್ ಹೋಗುವಷ್ಟು ಜಾಗಕ್ಕೆ ಜಿಪ್ ಇಡಿಸಿದರು. ಸ್ನೇರ್ ಎಂಬ ಚಿಕ್ಕ ಡ್ರಮ್ಮು ಮತ್ತು ಹೈಹ್ಯಾಟ್ ಎಂಬ ಜೋಡಿ ತಾಳದ ತಟ್ಟೆಗಳ ನಡುವೆ ಹಲಗೆಯೊಂದನ್ನು ಅಡ್ಡ ಹಾಕಿ, ಒಂದರ ಸದ್ದು ಇನ್ನೊಂದರ ಮೈಕಿಗೆ ಸೋರದಂತೆ ನೋಡಿಕೊಂಡರು. ಇಷ್ಟೆಲ್ಲ ಯಾಕೆ? ಒಂದೇ ಒಂದು ಪೆಟ್ಟು ಕೇಳಿದರೂ ಇದು ಇಂಥದ್ದೇ ಹಾಡು ಎಂದು ಗುರುತು ಹತ್ತಬೇಕು ಎಂಬ ಹಟಕ್ಕೆ. ಹಟ ಗೆದ್ದಿತು. ಬೇಸ್ ಗಿಟಾರ್ ಬರುವ ಮೊದಲೇ, ಬರೀ ತಾಳ ಬೀಳುತ್ತಿರುವಾಗಲೇ ಹಾಡಿನ ಹೆಸರು ಹೇಳುವವರಿದ್ದಾರೆ. ಆ ಪೀಠಿಕೆ ತೀರ ಉದ್ದವಾಯಿತು, ಕತ್ತರಿಸೋಣ ಎಂದವರು ನಿರ್ಮಾಪಕ ಕ್ವಿನ್ಸಿ ಜೋನ್ಸ್. ಅದನ್ನು ಕೇಳಿದರೆ ನನಗೆ ಕುಣಿಯಬೇಕು ಎನಿಸುತ್ತದೆ ಎಂದು ಜಾಕ್ಸನ್ ಪಟ್ಟು ಹಿಡಿದು ಉಳಿಸಿಕೊಂಡರು.

ಸ್ವೀಡಿಯನ್ ಈ ಹಾಡನ್ನು 91 ಸಲ ಮಿಕ್ಸ್ ಮಾಡಿದರಂತೆ, ಅಂದರೆ ಬೇರೆ ಬೇರೆ ದನಿಗಳನ್ನು ಹದ ನೋಡಿ ಬೆರೆಸಿದರಂತೆ. ಕೊನೆಗೆ ಎಲ್ಲರೂ ಒಪ್ಪಿದ್ದು ಎರಡನೆಯದನ್ನು. ಗಿರಾಕಿಗಳು ಹದಿನೇಳನೆಯ ತಿದ್ದುಪಡಿ ಕೇಳಿದಾಗಲೆಲ್ಲ ನಾನು ಈ ಕಥೆ ಹೇಳುತ್ತೇನೆ. ಯಾರ ಮೇಲೂ ಪರಿಣಾಮ ಆಗಿಲ್ಲ.

ಇದನ್ನು ಆ ವರ್ಷದ ಶಿಖರ ಎನ್ನಲು ನನಗಿರುವ ಕಾರಣ ಮಾರಾಟದ ಲೆಕ್ಕವಲ್ಲ. ಯಂತ್ರ ಮಿಸುಕಾಡದೆ ಗಡಿ ಹಾಕಿಕೊಡುತ್ತದೆ. ಮನುಷ್ಯ ಆ ಗಡಿಯೊಳಗೆ ಕೂದಲೆಳೆಯಷ್ಟು ಆಚೀಚೆ ಸರಿಯುತ್ತಾನೆ. ಆ ಕೂದಲೆಳೆಯೇ ಕೇಳುಗನ ಕಾಲನ್ನು ಎಳೆಯುವುದು. ಆದರೆ ಅಂಥ ಸಹವಾಸ ಹೆಚ್ಚು ದಿನ ನಡೆಯಲಿಲ್ಲ. ಯಂತ್ರ ಅಗ್ಗವಾಯಿತು, ಡ್ರಮ್ಮರ್ ದುಬಾರಿಯಾಗಿಯೇ ಉಳಿದರು.

ಅಗ್ಗವಾಗಲು ಕಾರಣವಾದ ಘಟನೆ ನಡೆದದ್ದು ಜನವರಿಯಲ್ಲಿ, ಯಾವ ಹಾಡಿನ ಪಟ್ಟಿಗೂ ಸೇರದೆ. ಕ್ಯಾಲಿಫೋರ್ನಿಯಾದಲ್ಲಿ ನಡೆದ ವಾದ್ಯ ವ್ಯಾಪಾರಿಗಳ ಮೇಳದಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಕೀಬೋರ್ಡ್‌ಗಳನ್ನು ಒಂದು ಕೇಬಲ್‌ನಿಂದ ಜೋಡಿಸಿದರು. ಒಂದು ಅಮೆರಿಕದ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್‌ನದು, ಇನ್ನೊಂದು ಜಪಾನಿನ ರೋಲ್ಯಾಂಡ್‌ನದು. ಒಂದರ ಮನೆ ಒತ್ತಿದರೆ ಇನ್ನೊಂದು ನುಡಿಯಿತು. ಅದರ ಹೆಸರು ಮಿಡಿ. ಆ ಎರಡು ಕಂಪನಿಗಳನ್ನು ಕಟ್ಟಿದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಇದಕ್ಕಾಗಿ ದುಡಿದವರಲ್ಲಿ ಮುಖ್ಯರು. ಯಾರಿಂದಲೂ ಪರವಾನಗಿ ಹಣ ಕೇಳದೆ ಎಲ್ಲ ಕಂಪನಿಗಳಿಗೂ ಬಿಟ್ಟುಕೊಟ್ಟರು. ಮೂವತ್ತು ವರ್ಷ ಕಳೆದ ಮೇಲೆ, 2013ರಲ್ಲಿ, ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಬಂತು.

ಮಿಡಿ ಕೇಬಲ್‌ನಲ್ಲಿ ಸದ್ದು ಹರಿಯುವುದಿಲ್ಲ ಎಂಬುದನ್ನು ಹೊಸಬರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಅದು ಅಡುಗೆಯಲ್ಲ, ಅಡುಗೆಗೆ ಬರೆದ ಚೀಟಿ. ಯಾವ ಸ್ವರ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಯಾವಾಗ ಬೆರಳೆತ್ತಿದರು, ಇಷ್ಟೇ. ಜೋರಿಗೆ ಸೊನ್ನೆಯಿಂದ 127ರವರೆಗೆ ಅಂಕ. ಮನೆ ಒತ್ತಿ ಬಿಡುವ ಪಿಯಾನೊ ಕುಲದ ವಾದ್ಯವನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವ್ಯವಸ್ಥೆಯಾದ್ದರಿಂದ ಸ್ವರದಿಂದ ಸ್ವರಕ್ಕೆ ಜಾರುವುದು ಅದಕ್ಕೆ ಒಗ್ಗದ ಕೆಲಸ. ಜಾರಿಸುವ ಸೌಲಭ್ಯ ಇದೆ; ಆದರೆ ಒಂದು ಚಾನೆಲ್‌ನಲ್ಲಿ ಎರಡು ಸ್ವರ ಹಿಡಿದು ಜಾರಿಸಿದರೆ ಎರಡೂ ಒಟ್ಟಿಗೇ ಜಾರುತ್ತವೆ. ಕೀಬೋರ್ಡಿನಲ್ಲಿ ನುಡಿಸಿದ ವೀಣೆ ಯಾಕೆ ಅಷ್ಟು ಬಡಕಲಾಗಿ ಕೇಳುತ್ತದೆ ಎಂದು ಕೇಳುವವರಿಗೆ ಅರ್ಧ ಉತ್ತರ ಈ 1983ರ ಕರಾರಿನಲ್ಲೇ ಇದೆ. ಗಮಕ ಅದರ ಲೆಕ್ಕದಲ್ಲೇ ಇರಲಿಲ್ಲ.

ಮೇಳ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಫೆಬ್ರವರಿ 4ರಂದು ಅಮೆರಿಕದ ಕಾರ್ಪೆಂಟರ್ಸ್ ತಂಡದ ಗಾಯಕಿ ಕರೆನ್ ಕಾರ್ಪೆಂಟರ್ ತೀರಿಕೊಂಡರು. ವಯಸ್ಸು 32. ಊಟ ಬಿಟ್ಟು ಮೈ ಕರಗಿಸುವ ಅನೊರೆಕ್ಸಿಯಾ ಎಂಬ ಕಾಯಿಲೆ ಅವರ ಹೃದಯವನ್ನು ಸೋಲಿಸಿತ್ತು. ಹಾಗೊಂದು ಕಾಯಿಲೆ ಇದೆ ಎಂದು ಬಹಳ ಮಂದಿಗೆ ತಿಳಿದದ್ದೇ ಆ ಸಾವಿನಿಂದ. ತಗ್ಗಿನ ಸ್ಥಾಯಿಯಲ್ಲಿ, ಮೈಕಿಗೆ ತೀರ ಹತ್ತಿರ ನಿಂತು, ಉಸಿರೂ ದನಿಯೂ ಬೇರೆಯಲ್ಲ ಎಂಬಂತೆ ಹಾಡುತ್ತಿದ್ದವರು ಅವರು. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ ಎನಿಸುತ್ತದೆ. ಆದರೆ ಕರೆನ್ ತಮ್ಮನ್ನು ಮೊದಲು ಡ್ರಮ್ಮರ್ ಎಂದೇ ಹೇಳಿಕೊಳ್ಳುತ್ತಿದ್ದರು. ಡ್ರಮ್ಮಿನ ಹಿಂದೆ ಕೂತರೆ ಪ್ರೇಕ್ಷಕರಿಗೆ ಗಾಯಕಿ ಕಾಣುವುದಿಲ್ಲ ಎಂದು ಅವರನ್ನು ಎಬ್ಬಿಸಿ ವೇದಿಕೆಯ ಮುಂದೆ ನಿಲ್ಲಿಸಿದರು. ಕಡ್ಡಿಗಳು ಬೇರೆಯವರ ಕೈಗೆ ಹೋದವು.

ಈ ಸಾವಿನ ಒಂಬತ್ತು ದಿನಕ್ಕೆ, ಫೆಬ್ರವರಿ 13ರಂದು, ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನಲ್ಲಿ ಬಾಸ್ಕೆಟ್‌ಬಾಲ್ ತಾರೆಯರ ಪಂದ್ಯ. ರಾಷ್ಟ್ರಗೀತೆ ಹಾಡಲು ಬಂದವರು ಗಾಯಕ ಮಾರ್ವಿನ್ ಗೇ. ಹಿಂದೆ ವಾದ್ಯವೃಂದ ಇಲ್ಲ, ಡ್ರಮ್ ಮಷಿನ್ನಿನ ಟೇಪು. ರಾಷ್ಟ್ರಗೀತೆಗೆ ಡ್ರಮ್ ಮಷಿನ್! ಮೊದಲ ಸಾಲಿಗೆ ಜನ ಅನುಮಾನದಿಂದ ನೋಡಿದರು, ಮುಗಿಯುವ ಹೊತ್ತಿಗೆ ಇಡೀ ಕ್ರೀಡಾಂಗಣ ತಾಳಕ್ಕೆ ಚಪ್ಪಾಳೆ ಹಾಕುತ್ತಿತ್ತು. ಯಂತ್ರ ಅಲ್ಲಿ ಗಾಯಕನನ್ನು ಅಟ್ಟಿಸಿಕೊಂಡು ಹೋಗುತ್ತಿಲ್ಲ. ಗಾಯಕ ಅದರ ಮೇಲೆ ಉಯ್ಯಾಲೆಯಾಡುತ್ತಿದ್ದಾರೆ, ಬೇಕೆಂದಾಗ ತಡವಾಗಿ ಬಂದು ಬೇಕಾದ ಕಡೆ ನಿಲ್ಲುತ್ತಿದ್ದಾರೆ. ಯಂತ್ರದೊಂದಿಗೆ ಹಾಡುವುದು ಹೇಗೆ ಎಂದು ಕೇಳುವ ಗಾಯಕರಿಗೆ ನಾನು ಈಗಲೂ ಇದನ್ನೇ ಕೇಳಿಸುತ್ತೇನೆ. ಅದೇ ತಿಂಗಳು 'ಸೆಕ್ಷುಯಲ್ ಹೀಲಿಂಗ್' ಹಾಡಿಗೆ ಅವರಿಗೆ ಎರಡು ಗ್ರ್ಯಾಮಿ ಬಂದವು, ಆ ಹಾಡಿನ ತಾಳವೂ ರೋಲ್ಯಾಂಡ್‌ನ ಟಿಆರ್-808 ಯಂತ್ರದ್ದೇ. ಸೋಜಿಗವೆಂದರೆ ಕಂಪನಿ 808ರ ತಯಾರಿಕೆ ನಿಲ್ಲಿಸಿದ್ದೂ 1983ರಲ್ಲಿ. ಆಮೇಲೆ ಹಳೆಯ ಸಾಮಾನಿನ ಅಂಗಡಿ ಸೇರಿದ ಆ ಪೆಟ್ಟಿಗೆಗಳನ್ನು ಕಡಿಮೆ ಬೆಲೆಗೆ ಕೊಂಡ ಹುಡುಗರು ಹಿಪ್‌ಹಾಪ್‌ನ ಎದೆಬಡಿತವನ್ನು ಅದರಿಂದಲೇ ಹೊರಡಿಸಿದರು. ಮಾರ್ವಿನ್ ಗೇ ಅದನ್ನು ನೋಡಲಿಲ್ಲ. 1984ರ ಏಪ್ರಿಲ್ 1ರಂದು, 45ನೆಯ ಹುಟ್ಟುಹಬ್ಬಕ್ಕೆ ಒಂದು ದಿನ ಇರುವಾಗ, ತಂದೆಯ ಗುಂಡಿಗೆ ಬಲಿಯಾದರು.

ಮಾರ್ಚ್‌ನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಿಂದ ನ್ಯೂ ಆರ್ಡರ್ ತಂಡದ 'ಬ್ಲೂ ಮಂಡೇ' ಬಂತು. ಏಳೂವರೆ ನಿಮಿಷದ ಹಾಡು, ಹೊದಿಕೆ ನೋಡಲು ಕಂಪ್ಯೂಟರಿನ ಫ್ಲಾಪಿಯಂತೆ. ಕಾರ್ಯಕ್ರಮ ಮುಗಿದ ಮೇಲೆ ಜನ ಇನ್ನೊಂದು ಇನ್ನೊಂದು ಎಂದು ಕೂಗುತ್ತಾರೆ, ಆಗ ಗುಂಡಿ ಒತ್ತಿ ಹೊರಟುಹೋಗುವಂಥ ಹಾಡು ಬೇಕಿತ್ತು ಎಂದು ತಂಡದವರೇ ನಗುತ್ತ ಹೇಳಿಕೊಂಡಿದ್ದಾರೆ. ಡ್ರಮ್ಮರ್ ಸ್ಟೀಫನ್ ಮಾರಿಸ್ ಕಡ್ಡಿ ಕೆಳಗಿಟ್ಟು ಯಂತ್ರಕ್ಕೆ ತಾಳ ಬರೆದರು. ಯಂತ್ರಪ್ರಿಯರ ಈ ಹಾಡಿನಲ್ಲೂ ಒಂದು ತಪ್ಪು ನುಸುಳಿತು. ಕೀಬೋರ್ಡಿನ ಗಿಲಿಯನ್ ಗಿಲ್ಬರ್ಟ್ ಒಂದಕ್ಕೊಂದು ಅಂಟಿಸಿದ ಕಾಗದಗಳ ಮೇಲೆ ಸ್ವರಗಳನ್ನು ಬರೆದುಕೊಂಡು, ತುಂಬಿದ ಸ್ವರಗಳನ್ನು ತಾನೇ ನುಡಿಸುವ ಸೀಕ್ವೆನ್ಸರ್ ಯಂತ್ರಕ್ಕೆ ತುಂಬುವಾಗ ಒಂದು ಸ್ವರ ಬಿಟ್ಟುಹೋಯಿತು. ಹಾಗಾಗಿ ರಾಗದ ಎಳೆ ತಾಳಕ್ಕಿಂತ ತುಸು ಓರೆಯಾಗಿ ಕೂತಿತು. ಅದನ್ನು ಹಾಗೆಯೇ ಬಿಟ್ಟರು. ಸರಿಪಡಿಸಿದ್ದರೆ ನಾವಿದನ್ನು ನಲವತ್ತು ವರ್ಷ ಕೇಳುತ್ತಿದ್ದೆವೇ? ನನಗೆ ನಂಬಿಕೆಯಿಲ್ಲ.

ಆ ವರ್ಷದ ನಿಜವಾದ ಇಳಿತ ಎಂದರೆ ನನ್ನ ಮಟ್ಟಿಗೆ ಯಮಾಹಾದ ಡಿಎಕ್ಸ್7 ಕೀಬೋರ್ಡ್. ಇದನ್ನು ಬರೆಯಲು ಕೊಂಚ ಸಂಕೋಚವೂ ಆಗುತ್ತದೆ, ಏಕೆಂದರೆ ಅದು ಅದ್ಭುತ ಯಂತ್ರ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಕಂಡುಹಿಡಿದ, ಒಂದು ಅಲೆಯಿಂದ ಇನ್ನೊಂದರ ಕಂಪನ ಬದಲಿಸಿ ನಾದ ಹುಟ್ಟಿಸುವ ಎಫ್‌ಎಂ ವಿಧಾನದ ಮೇಲೆ ನಿಂತದ್ದು. ಗಂಟೆಯ ನಾದ, ಎಲೆಕ್ಟ್ರಿಕ್ ಪಿಯಾನೊ, ಬೇಸ್ ಎಲ್ಲವನ್ನೂ ಗಾಜಿನಷ್ಟು ಸ್ಪಷ್ಟವಾಗಿ ಕೊಡುತ್ತಿತ್ತು. ಬೆಲೆ ಎರಡು ಸಾವಿರ ಡಾಲರ್‌ನ ಒಳಗೆ. ಆದರೆ ಅದರಲ್ಲಿ ಹೊಸ ನಾದ ಕಟ್ಟುವುದು ತಲೆನೋವಿನ ಕೆಲಸ. ತಿರುಗಿಸಲು ತಿರುಪುಗಳಿಲ್ಲ, ಒಂದು ಪುಟ್ಟ ಪರದೆ, ಸಾಲು ಗುಂಡಿಗಳು. ಹಾಗಾಗಿ ಬಹುಪಾಲು ಜನ ಕಂಪನಿಯೇ ತುಂಬಿಕೊಟ್ಟ ನಾದಗಳಿಂದ ಹೊರಗೆ ಹೋಗಲಿಲ್ಲ. ಎಂಬತ್ತರ ದಶಕದ ಮಿಕ್ಕ ವರ್ಷಗಳಲ್ಲಿ ಅಮೆರಿಕದ ಯಾವ ಪ್ರೇಮಗೀತೆ ಕೇಳಿದರೂ ಅದೇ ಪಿಯಾನೊ. ಹಾಡು ಬೇರೆ, ಗಾಯಕಿ ಬೇರೆ, ಕಣ್ಣೀರು ಒಂದೇ ನಲ್ಲಿಯದು.

ಬೇಸಿಗೆಯಲ್ಲಿ ದಿ ಪೊಲೀಸ್ ತಂಡ ಮೇಲೇರಿತು. 'ಎವ್ರಿ ಬ್ರೆತ್ ಯೂ ಟೇಕ್' ಜುಲೈನಿಂದ ಎಂಟು ವಾರ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು. ಬಿಟ್ಟುಹೋದವಳನ್ನು ಬೇಹುಗಾರನಂತೆ ಕಾಯುವವನ ಹಾಡು ಅದು. ಜನ ಮದುವೆಗಳಲ್ಲಿ ಹಾಕುತ್ತಾರೆ. ಮುದ್ರಣ ನಡೆದದ್ದು ಕೆರಿಬಿಯನ್ ದ್ವೀಪ ಮಾಂಟ್ಸೆರಾಟ್‌ನಲ್ಲಿ ಬೀಟಲ್ಸ್ ತಂಡದ ನಿರ್ಮಾಪಕ ಜಾರ್ಜ್ ಮಾರ್ಟಿನ್ ಕಟ್ಟಿಸಿದ್ದ ಸ್ಟುಡಿಯೊದಲ್ಲಿ. ಮೂವರೂ ಒಂದೇ ಕೋಣೆಯಲ್ಲಿ ಇರಲಿಲ್ಲ. ಗಾಯಕ ಸ್ಟಿಂಗ್ ಕಂಟ್ರೋಲ್ ರೂಮಿನಲ್ಲಿ, ಗಿಟಾರಿನ ಆಂಡಿ ಸಮ್ಮರ್ಸ್ ಸ್ಟುಡಿಯೊದಲ್ಲಿ, ಡ್ರಮ್ಮರ್ ಸ್ಟೂವರ್ಟ್ ಕೋಪ್‌ಲ್ಯಾಂಡ್ ಊಟದ ಕೋಣೆಯಲ್ಲಿ. ಊಟದ ಕೋಣೆಯ ಗೋಡೆಗಳು ಡ್ರಮ್ಮಿಗೆ ಒಳ್ಳೆಯ ಮಾರ್ದನಿ ಕೊಡುತ್ತಿದ್ದವು ಎಂಬುದು ನಿಜ. ಅವರವರಲ್ಲಿ ಮಾತು ಕೆಟ್ಟಿತ್ತು ಎಂಬುದೂ ನಿಜ. ಕೋಪ್‌ಲ್ಯಾಂಡ್ ಅವರಂಥ ಚುರುಕು ಕೈಯವರು ಈ ಹಾಡಿನಲ್ಲಿ ಯಂತ್ರದಷ್ಟೇ ನೇರವಾಗಿ ನುಡಿಸಿದ್ದಾರೆ. ಅದು ಹಾಡಿಗೆ ಒಪ್ಪುತ್ತದೆ, ಆದರೆ ಕೇಳುವಾಗ ಕೈ ಕಟ್ಟಿ ಕೂರಿಸಿದವರನ್ನು ಕಂಡಂತಾಗುತ್ತದೆ. ಈ ಹಾಡಿದ್ದ 'ಸಿಂಕ್ರೊನಿಸಿಟಿ' ತಂಡದ ಕೊನೆಯ ಸ್ಟುಡಿಯೊ ಆಲ್ಬಂ ಆಯಿತು.

ಯಂತ್ರಮಾನವನ ಕಥೆ ಹೇಳಲು ಹೊರಟ ಸ್ಟಿಕ್ಸ್ ತಂಡ ವೇಷ, ನಾಟಕಗಳ ಗಲಾಟೆಯಲ್ಲಿ ಒಡೆದ ಸಂಗತಿಗೆ ಒಂದು ಸಾಲು ಸಾಕು.

ಡಿಸೆಂಬರ್ 28ರಂದು ಬೀಚ್ ಬಾಯ್ಸ್ ತಂಡದ ಡೆನಿಸ್ ವಿಲ್ಸನ್ ಮರೀನಾ ಡೆಲ್ ರೇ ಬಂದರಿನಲ್ಲಿ ಮುಳುಗಿ ಸತ್ತರು. ಅವರಿಗೆ 39. ಸಮುದ್ರ, ಅಲೆ ಎಂದು ಹಾಡಿ ಗೆದ್ದ ತಂಡದಲ್ಲಿ ನಿಜಕ್ಕೂ ಅಲೆ ಏರಬಲ್ಲವರು ಅವರೊಬ್ಬರೇ. ಅವರೂ ಡ್ರಮ್ಮರ್. ವರ್ಷದ ಮೊದಲಿಗೊಬ್ಬರು, ಕೊನೆಗೊಬ್ಬರು. ಇಲ್ಲಿಗೆ ನಿಲ್ಲಿಸಿ, ಯಂತ್ರ ಬಂತು ಡ್ರಮ್ಮರ್‌ಗಳು ಹೋದರು ಎಂದುಬಿಟ್ಟರೆ ಅಂಕಣ ಚೆಂದ ಮುಗಿಯುತ್ತದೆ. ಆದರೆ ಅದು ಸುಳ್ಳಾಗುತ್ತದೆ. ಬೀಚ್ ಬಾಯ್ಸ್‌ನ ಅನೇಕ ಪ್ರಸಿದ್ಧ ಧ್ವನಿಮುದ್ರಿಕೆಗಳಲ್ಲಿ ಡ್ರಮ್ ನುಡಿಸಿದವರು ಡೆನಿಸ್ ಅಲ್ಲ, ಲಾಸ್ ಏಂಜಲೀಸ್‌ನ ಸ್ಟುಡಿಯೊ ಕಲಾವಿದ ಹ್ಯಾಲ್ ಬ್ಲೇನ್. ಕಾರ್ಪೆಂಟರ್ಸ್‌ನ ಹಲವು ಜನಪ್ರಿಯ ಹಾಡುಗಳಲ್ಲೂ ಕರೆನ್ ಬದಲು ಡ್ರಮ್ ಹಿಂದೆ ಇದ್ದವರು ಅದೇ ಬ್ಲೇನ್. ಸಮಯ ಉಳಿಯುತ್ತದೆ, ತಪ್ಪು ಆಗುವುದಿಲ್ಲ ಎಂದು ಅವರನ್ನು ಕರೆಸುತ್ತಿದ್ದರು. 1983ರಲ್ಲಿ ಯಂತ್ರಕ್ಕೆ ಕೆಲಸ ಸಿಕ್ಕಿದ್ದೂ ಇವೇ ಎರಡು ಕಾರಣಕ್ಕೆ. ತಾಳ ಸ್ಟುಡಿಯೊದಲ್ಲಿ ಕೈ ಬದಲಿಸುತ್ತಲೇ ಇತ್ತು. ಈ ಸಲ ಅದು ಸೇರಿದ ಜಾಗದಲ್ಲಿ ಕೈಯೇ ಇರಲಿಲ್ಲ, ಅಷ್ಟೆ.

ನಮ್ಮಲ್ಲಿ ಅದು ಬಂದ ದಾರಿ ಬೇರೆ. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಎಂಟು ಚೌಕದ ರಿದಂ ಪ್ಯಾಡ್ ನೋಡದ ಕನ್ನಡಿಗರಿಲ್ಲ. ಅದರ ಮೂಲ 1985ರ ರೋಲ್ಯಾಂಡ್ ಆಕ್ಟೋಪ್ಯಾಡ್. ಆ ಮೊದಲ ಮಾದರಿಗೆ ಸ್ವಂತ ದನಿಯೇ ಇರಲಿಲ್ಲ. ಬಡಿದರೆ ಮಿಡಿ ಕೇಬಲ್‌ನಲ್ಲಿ ಚೀಟಿ ಕಳಿಸುತ್ತಿತ್ತು, ಇನ್ನೊಂದು ಪೆಟ್ಟಿಗೆ ನುಡಿಯುತ್ತಿತ್ತು. ಗುಂಡಿ ಒತ್ತಿ ದೂರ ಕೂರುವ ಬದಲು ನಮ್ಮವರು ಅದನ್ನೂ ಎರಡು ಕಡ್ಡಿ ಹಿಡಿದು ಬಡಿದರು. ಢೋಲಕ್, ಕೋಂಗೋ, ಡ್ರಮ್ ಮೂವರ ಸಂಬಳ ಒಬ್ಬನಿಗೆ ಇಳಿಯಿತು ಎಂಬ ಕಹಿಯೂ ಇದರಲ್ಲಿದೆ. ಆದರೂ ಮೈ ತೂಗುತ್ತ, ಪಲ್ಲವಿಗೆ ಮರಳುವಾಗ ಗಾಯಕನ ಮುಖ ನೋಡಿ ಒಂದು ಉರುಳಿಕೆ ಕೊಡುವವನು ಮನುಷ್ಯನೇ.

ಹೋದ ವಾರ ಒಂದು ಭಾವಗೀತೆಯ ಮುದ್ರಣವಿತ್ತು. ತಾಳ ಮೊದಲೇ ಕಂಪ್ಯೂಟರಿನಲ್ಲಿ ಸಿದ್ಧವಾಗಿತ್ತು, ಅದರ ಮೇಲೆ ಢೋಲಕ್ ನುಡಿಸಲು ಹಿರಿಯರೊಬ್ಬರು ಬಂದಿದ್ದರು. ಎರಡನೆಯ ಚರಣದಲ್ಲಿ ಅವರ ಪೆಟ್ಟು ಪ್ರತಿಸಲವೂ ಗೆರೆಗಿಂತ ಕೂದಲೆಳೆ ಹಿಂದೆ ಬೀಳುತ್ತಿತ್ತು. ಸಾಹಿತ್ಯ ಅಲ್ಲಿ ನಿಟ್ಟುಸಿರಿನದು. ಪರದೆಯ ಮೇಲೆ ಅದು ತಪ್ಪಾಗಿ ಕಾಣುತ್ತಿತ್ತು. ನನ್ನ ಸಹಾಯಕ ಹುಡುಗನ ಕೈ ಮೌಸ್ ಕಡೆ ಹೋಯಿತು. "ಸರ್, ಎಲ್ಲವನ್ನೂ ಗೆರೆಗೆ ಕೂರಿಸಿಬಿಡುತ್ತೇನೆ, ಒಂದೇ ನಿಮಿಷ" ಎಂದ. ಮೂರು ಟೀ ತರಲು ಅವನನ್ನು ಕೆಳಗೆ ಕಳಿಸಿ, ಟ್ರ್ಯಾಕನ್ನು ಹಾಗೆಯೇ ಉಳಿಸಿಕೊಂಡೆ.